ಮತ್ತೆ ಬಂದ ಕ್ಯಾನ್ಸರ್: ಒಂದು ಸ್ಕ್ಯಾನಿಂದ ಇನ್ನೊಂದು ಸ್ಕ್ಯಾನಿನವರೆಗೆ



ಕ್ಯಾನ್ಸರ್ ಬಾರದಂತೆ ನೋಡಿಕೊಳ್ಳುವುದು ಹೇಗೆ, ಎದೆಯಲ್ಲಿ ಗಂಟು ಇದೆಯೇ ಎಂದು ನಾವೇ ಮುಟ್ಟಿ ನೋಡಿಕೊಳ್ಳುವುದು ಹೇಗೆ, ಬಿಳಿಸೆರಗು ಜಾಸ್ತಿಯಾದರೆ ಯಾಕೆ ಸುಮ್ಮನಿರಬಾರದು, ಹೊಗೆಸೊಪ್ಪು ಯಾಕೆ ಬಿಡಬೇಕು ಎಂದು ನಮ್ಮ ಸಂಘಗಳಲ್ಲಿ ಎಷ್ಟೋ ಸಲ ಪಾಠ ಆಗಿದೆ. ಬಹಳ ಜನಕ್ಕೆ ಬಾಯಿಪಾಠವೇ ಆಗಿದೆ. ಆದರೆ ಚಿಕಿತ್ಸೆ ಮುಗಿಸಿ, ಕೂದಲು ಬಂದು, ಗದ್ದೆ ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಕಾಯಿಲೆ ಮತ್ತೆ ಬಂದರೆ ಏನು ಮಾಡಬೇಕು ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಅಪಶಕುನ ಎಂದು ಬಿಟ್ಟುಬಿಡುತ್ತೇವೆ. ಈ ಸಲದ ಪಾಠ ಅದರ ಬಗ್ಗೆಯೇ.

ಒಬ್ಬ ಸದಸ್ಯೆ ಎಂದು ಇಟ್ಟುಕೊಳ್ಳೋಣ. ಹೆಸರು ಬೇಡ, ಊರು ಮದ್ದೂರು ತಾಲ್ಲೂಕಿನ ಯಾವುದಾದರೂ ಆಗಲಿ. ನಾಲ್ಕು ವರ್ಷದ ಹಿಂದೆ ಎದೆಯಲ್ಲಿ ಗಂಟು ಕಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಕಿಮೋ ಕೊಟ್ಟರು, ಆಮೇಲೆ ಕರೆಂಟು ಕೊಟ್ಟರು. ವಾಸಿಯಾಯಿತು ಎಂದು ಮನೆಯವರು ದೇವರಿಗೆ ಹರಕೆ ತೀರಿಸಿದರು. ಆಕೆ ಸಂಘಕ್ಕೆ ಬಂದಳು, ಎರಡು ಹಸು ಕಟ್ಟಿದಳು, ಡೈರಿಗೆ ಹಾಲು ಹಾಕಿದಳು. ಈಗ ಎರಡು ತಿಂಗಳಿಂದ ಸೊಂಟ ನೋವು. ಕಬ್ಬಿನ ಹೊರೆ ಹೊತ್ತದ್ದಕ್ಕೆ ಇರಬೇಕು ಎಂದು ಎಣ್ಣೆ ಹಚ್ಚಿಕೊಂಡಳು. ಕಡೆಗೆ ಸ್ಕ್ಯಾನ್ ಮಾಡಿಸಿದರೆ ಮೂಳೆಗೆ ಬಂದಿದೆ ಎಂದರು. ಅವತ್ತಿನಿಂದ ಆಕೆ ವಾರದ ಸಭೆಗೆ ಬರುವುದು ನಿಂತಿತು. ನಡಾವಳಿ ಪುಸ್ತಕದಲ್ಲಿ ಮೂರು ವಾರ ಗೈರು, ಗೈರಿಗೆ ದಂಡ. ಮನೆ ಹತ್ತಿರ ಹೋಗಿ ಕೇಳಿದರೆ ಬಾಗಿಲಲ್ಲೇ ನಿಂತು, ‘ಇನ್ನೇನ್ ಬುಡಕ್ಕಾ, ಮತ್ತೆ ಬಂದ್ಮೇಲೆ ಮುಗೀತಲ್ವಾ. ಹಸ ಮಾರಿ ದುಡ್ಡು ಯಾಕ್ ಹಾಳ್ಮಾಡಾದು’ ಎನ್ನುತ್ತಾಳೆ.

‘ಮುಗೀತು’ ಎಂಬ ಈ ಒಂದು ಮಾತನ್ನು ಇವತ್ತು ಬಿಡಿಸಿ ನೋಡಬೇಕು. ಯಾಕೆಂದರೆ ಕಾಯಿಲೆಗಿಂತ ಮುಂಚೆ ಈ ಮಾತೇ ಎಷ್ಟೋ ಜನರನ್ನು ಆಸ್ಪತ್ರೆಯಿಂದ ವಾಪಸು ಕರೆದುಕೊಂಡು ಬರುತ್ತದೆ.

ಯಾಕೆ ಮತ್ತೆ ಬರುತ್ತದೆ?

ಗದ್ದೆಯಲ್ಲಿ ಜೇಕು ಕಿತ್ತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೇಲೆ ನೋಡಿದರೆ ಗದ್ದೆ ಚೊಕ್ಕಟವಾಗಿರುತ್ತದೆ. ಮಣ್ಣಿನೊಳಗೆ ಗಡ್ಡೆಯ ಒಂದು ಚೂರು ಉಳಿದಿದ್ದರೆ ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಕಿತ್ತವಳು ಸರಿಯಾಗಿ ಕಿತ್ತಿಲ್ಲ ಎಂದು ಅರ್ಥವಲ್ಲ. ಆಪರೇಷನ್, ಕಿಮೋ, ಕರೆಂಟು ಎಲ್ಲವನ್ನೂ ತಪ್ಪಿಸಿಕೊಂಡು ಕಣ್ಣಿಗೆ, ಯಂತ್ರಕ್ಕೆ ಕಾಣದಷ್ಟು ಸಣ್ಣ ಜೀವಕೋಶಗಳು ಎಲ್ಲೋ ಅಡಗಿ ಕೂತಿರಬಹುದು. ಅವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಬೆಳೆಯುತ್ತವೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮತ್ತೆ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದೊಳಗೆ ಬರುತ್ತದೆ. ಹಾರ್ಮೋನಿನಿಂದ ಬೆಳೆಯುವ ಜಾತಿಯ ಸ್ತನ ಕ್ಯಾನ್ಸರ್ ಹತ್ತು, ಹದಿನೈದು ವರ್ಷದ ಮೇಲೂ ಬಂದದ್ದುಂಟು. ಅದಕ್ಕೇ ಆ ಜಾತಿಯವರಿಗೆ ದಿನಕ್ಕೊಂದು ಮಾತ್ರೆಯನ್ನು ಐದು ವರ್ಷ, ಕೆಲವರಿಗೆ ಹತ್ತು ವರ್ಷ ನುಂಗಿ ಎಂದು ಹೇಳುತ್ತಾರೆ. ‘ಈಗ ಚೆನ್ನಾಗಿದ್ದೀನಲ್ಲ’ ಎಂದು ನಡುವೆ ಬಿಡಬಾರದು.

ಹಿಂದಿ ನಟ ಆಯುಷ್ಮಾನ್ ಖುರಾನಾ ಅವರ ಪತ್ನಿ, ಲೇಖಕಿ ತಾಹಿರಾ ಕಶ್ಯಪ್ ಅವರಿಗೆ 2018ರಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಏಳು ವರ್ಷ ಕಳೆದು 2025ರ ಏಪ್ರಿಲ್‌ನಲ್ಲಿ ಮತ್ತೆ ಬಂದಿದೆ ಎಂದು ಅವರೇ ಎಲ್ಲರಿಗೂ ತಿಳಿಸಿದರು. ಒಳ್ಳೆಯ ಆಸ್ಪತ್ರೆ, ಒಳ್ಳೆಯ ಊಟ, ಕೈಗೊಬ್ಬ ಆಳು ಇದ್ದವರಿಗೂ ಬರುತ್ತದೆ. ಆದ್ದರಿಂದ ‘ಪಥ್ಯ ಮಾಡಲಿಲ್ಲ’, ‘ಬಾಡೂಟ ಉಂಡಳು’, ‘ಹರಕೆ ಬಾಕಿ ಇಟ್ಟಳು’, ‘ಬೇಗ ಕೂಲಿಗೆ ಹೋದಳು’ ಎನ್ನುವ ಮಾತುಗಳನ್ನು ಸಂಘದ ಜಗುಲಿಯ ಮೇಲೆ ಆಡಬೇಡಿ. ಇದು ಅಂಟುಜಾಡ್ಯವೂ ಅಲ್ಲ. ಆಕೆ ಕುಡಿದ ಲೋಟದಲ್ಲಿ ನೀವು ಕುಡಿದರೆ ಏನೂ ಆಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ಬಹಳ ಗೊಂದಲವಿದೆ. ಸ್ತನದ ಕ್ಯಾನ್ಸರ್ ಮೂಳೆಗೆ ಬಂದರೆ ಅದು ಮೂಳೆ ಕ್ಯಾನ್ಸರ್ ಅಲ್ಲ, ಮೂಳೆಯಲ್ಲಿ ಕೂತ ಸ್ತನ ಕ್ಯಾನ್ಸರೇ. ಔಷಧಿಯೂ ಅದಕ್ಕೆ ತಕ್ಕದ್ದೇ. ಕೆಲವು ಸಲ ಡಾಕ್ಟರು ಮತ್ತೊಮ್ಮೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ‘ಮೊದಲೇ ಗೊತ್ತಿದೆಯಲ್ಲ, ಮತ್ತೆ ಯಾಕೆ ಚುಚ್ಚುವುದು’ ಎಂದು ಜಗಳ ಮಾಡಬೇಡಿ. ಮತ್ತೆ ಬರುವಾಗ ಕಾಯಿಲೆ ಗುಣ ಬದಲಿಸಿಕೊಂಡು ಬಂದಿರಬಹುದು. ಅದನ್ನು ತಿಳಿಯದೆ ಕೊಟ್ಟ ಔಷಧಿ ಹೊಂದದೆ ಹೋಗಬಹುದು.

ವಾಸಿಯೋ, ಹತೋಟಿಯೋ?

ಮತ್ತೆ ಬಂದ ಎಲ್ಲ ಕ್ಯಾನ್ಸರ್ ಒಂದೇ ಅಲ್ಲ. ಮೊದಲು ಇದ್ದ ಜಾಗದಲ್ಲೇ ಸಣ್ಣದಾಗಿ ಬಂದಿದ್ದರೆ ಕೆಲವರಿಗೆ ಮತ್ತೆ ಆಪರೇಷನ್ ಮಾಡಿ ಪೂರ್ತಿ ವಾಸಿ ಮಾಡಲು ಆಗುತ್ತದೆ. ದೂರದ ಅಂಗಕ್ಕೆ, ಅಂದರೆ ಮೂಳೆ, ಶ್ವಾಸಕೋಶ, ಈಲಿಗೆ ಹೋಗಿದ್ದರೆ ಹೆಚ್ಚಿನವರಿಗೆ ಪೂರ್ತಿ ತೆಗೆದುಹಾಕಲು ಆಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಆಕೆ, ಆಕೆಯ ಜೊತೆ ಹೋದವರು ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಸಾರ್, ಈ ಟ್ರೀಟ್‌ಮೆಂಟು ವಾಸಿ ಮಾಡಲಿಕ್ಕೋ, ಹತೋಟಿಯಲ್ಲಿ ಇಡಲಿಕ್ಕೋ?’ ಬಹಳ ಮನೆಗಳಲ್ಲಿ ಇದನ್ನು ಕೇಳುವುದೇ ಇಲ್ಲ. ಗಂಡ ಅಥವಾ ಮಗ ಒಳಗೆ ಹೋಗಿ ಕೇಳಿಕೊಂಡು ಬಂದು ಹೊರಗೆ ಬೆಂಚಿನ ಮೇಲೆ ಕೂತ ಆಕೆಗೆ ‘ಏನಿಲ್ಲ, ಸಣ್ಣದು’ ಎಂದು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆಕೆಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಮನೆಯವರೆಲ್ಲ ಆಕೆಯ ಮುಂದೆ ನಟಿಸಬೇಕು, ಆಕೆಯೂ ಅವರ ಮುಂದೆ ನಟಿಸಬೇಕು. ಈ ಎರಡು ಕಡೆಯ ನಾಟಕದಲ್ಲಿ ಹೇಳಬೇಕಾದ್ದೆಲ್ಲ ಉಳಿದುಹೋಗುತ್ತದೆ: ಜಮೀನಿನ ಖಾತೆ, ಮಗಳ ಮದುವೆ, ಕೊಟ್ಟ ಕೈಗಡ, ಮನಸ್ಸಿನ ಭಯ.

ಹತೋಟಿ ಎಂದರೆ ಸಕ್ಕರೆ ಕಾಯಿಲೆ, ಬಿ.ಪಿ. ತರಹ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಹೋಲಿಕೆ ಅರ್ಧ ಸರಿ. ದಿನವೂ ಮಾತ್ರೆ, ಆಗಾಗ ಪರೀಕ್ಷೆ, ನಡುವೆ ಮನೆಗೆಲಸ ಎನ್ನುವ ಮಟ್ಟಿಗೆ ಸರಿ. ಆದರೆ ಇಲ್ಲಿ ಒಂದು ಔಷಧಿ ಕೆಲವು ಕಾಲ ಕೆಲಸ ಮಾಡಿ ಆಮೇಲೆ ಸೋಲುತ್ತದೆ. ಆಗ ಎರಡನೆಯದು, ಅದೂ ಸೋತರೆ ಮೂರನೆಯದು. ಹೀಗೆ ಒಂದು ಒಂದಾಗಿ ಮೆಟ್ಟಿಲು ಇಳಿಯುವಾಗ ನಡುವೆ ತಿಂಗಳುಗಳು, ಅದೃಷ್ಟವಿದ್ದರೆ ವರ್ಷಗಳು ಸಿಗುತ್ತವೆ. ಮೂಳೆಗೆ ಬಂದ ಸ್ತನ ಕ್ಯಾನ್ಸರಿನಲ್ಲಿ ಬರೀ ಹಾರ್ಮೋನು ಮಾತ್ರೆಯ ಮೇಲೆ ವರ್ಷಗಟ್ಟಲೆ ಓಡಾಡಿಕೊಂಡು ಇರುವವರಿದ್ದಾರೆ. ಆ ವರ್ಷಗಳೇ ಮಗಳ ಪಿಯುಸಿ, ಮೊಮ್ಮಗುವಿನ ನಾಮಕರಣ.

ಡಾಕ್ಟರು ಹೇಳುವ ಅವಧಿಯನ್ನೂ ಹೀಗೆಯೇ ತಿಳಿಯಬೇಕು. ನಿರೂಪಕಿ ಅಪರ್ಣಾ ಅವರನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಬೆಂಗಳೂರು ಮೆಟ್ರೋ ಹತ್ತಿದವರು ಮುಂದಿನ ನಿಲ್ದಾಣದ ಹೆಸರನ್ನು ಅವರ ದನಿಯಲ್ಲೇ ಕೇಳಿದ್ದೀರಿ. 2022ರಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾದಾಗಲೇ ನಾಲ್ಕನೇ ಹಂತ. ಅಂದರೆ ಅವರದು ಮತ್ತೆ ಬಂದದ್ದಲ್ಲ, ಮೊದಲ ಸಲವೇ ಹರಡಿದ್ದು. ಆದರೆ ಬದುಕುವ ರೀತಿ ಎರಡಕ್ಕೂ ಒಂದೇ. ವೈದ್ಯರು ಆರು ತಿಂಗಳು ಎಂದಿದ್ದರು, ಆಕೆ ಬದುಕುತ್ತೇನೆ ಎಂದು ಹಟ ಹಿಡಿದು ಹೋರಾಡಿದಳು ಎಂದು ಪತಿ ನಾಗರಾಜ ವಸ್ತಾರೆ ಪತ್ರಿಕೆಯವರ ಮುಂದೆ ಹೇಳಿದರು. ಅವರು ತೀರಿಕೊಂಡದ್ದು 2024ರ ಜುಲೈ 11ರಂದು. ಆರು ತಿಂಗಳು ಎಂದದ್ದು ಎರಡು ವರ್ಷವಾಯಿತು. ಹಟ ಹಿಡಿದವರೆಲ್ಲ ಹೆಚ್ಚು ಬದುಕುತ್ತಾರೆ ಎಂದು ಹೇಳಲು ಈ ಮಾತು ಬರೆಯುತ್ತಿಲ್ಲ. ಹಾಗೆ ಹೇಳಿದರೆ ಬೇಗ ಹೋದವರಿಗೆ ಧೈರ್ಯ ಕಡಿಮೆಯಿತ್ತು ಎಂದಂತಾಗುತ್ತದೆ, ಅದು ಅನ್ಯಾಯ. ಡಾಕ್ಟರು ಹೇಳುವ ತಿಂಗಳ ಲೆಕ್ಕ ನೂರಾರು ರೋಗಿಗಳನ್ನು ನೋಡಿ ಹೇಳುವ ಸರಾಸರಿ. ಅದರಲ್ಲಿ ಕೆಲವರು ಮೊದಲೇ ಹೋಗುತ್ತಾರೆ, ಕೆಲವರು ಬಹಳ ಮುಂದೆ ಹೋಗುತ್ತಾರೆ. ನಮ್ಮವಳು ಯಾವ ಕಡೆ ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

ಸ್ಕ್ಯಾನ್ ಎಂಬ ಪರೀಕ್ಷೆ

ಹತೋಟಿಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಾರೆ. ಸಿ.ಟಿ. ಸ್ಕ್ಯಾನ್ ಎಂದರೆ ಎಕ್ಸ್‌ರೇಯಿಂದ ದೇಹವನ್ನು ಪದರ ಪದರವಾಗಿ ನೋಡುವುದು. ಅದಕ್ಕೆ ಬಣ್ಣದ ಔಷಧಿ ಚುಚ್ಚುವಾಗ ಮೈಯೆಲ್ಲ ಬಿಸಿಯಾದಂತೆ ಆಗುತ್ತದೆ, ಹೆದರಬೇಡಿ. ಆದರೆ ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಮಾತ್ರೆ ತಿನ್ನುತ್ತಿದ್ದರೆ, ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಮೈ ತುರಿಕೆ ಬಂದಿದ್ದರೆ ಮೊದಲೇ ಹೇಳಿ. ಪೆಟ್ ಸ್ಕ್ಯಾನ್‌ನಲ್ಲಿ ಸ್ವಲ್ಪ ವಿಕಿರಣ ಬೆರೆತ ಸಕ್ಕರೆಯಂಥ ಔಷಧಿ ಚುಚ್ಚಿ ಸುಮಾರು ಒಂದು ಗಂಟೆ ಸುಮ್ಮನೆ ಮಲಗಿಸುತ್ತಾರೆ. ಕ್ಯಾನ್ಸರ್ ಕೋಶಗಳು ಸಕ್ಕರೆಗೆ ಹಸಿದಿರುವುದರಿಂದ ಅಲ್ಲಿ ಹೊಳಪು ಕಾಣುತ್ತದೆ. ಗಾಯ, ಸೋಂಕು ಇದ್ದ ಜಾಗವೂ ಹೊಳೆಯಬಹುದು. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಬಸ್ಸಿಳಿದ ತಕ್ಷಣ ಕಾಫಿ ಕುಡಿದುಬಿಟ್ಟರೆ ಅವತ್ತಿನ ಓಡಾಟವೆಲ್ಲ ದಂಡ. ಮುಗಿದ ಮೇಲೆ ಚೆನ್ನಾಗಿ ನೀರು ಕುಡಿಯಬೇಕು. ಆಸ್ಪತ್ರೆಯವರು ಹೇಳಿದಷ್ಟು ಹೊತ್ತು ಎಳೆ ಮಕ್ಕಳನ್ನು ಎತ್ತಿಕೊಳ್ಳಬಾರದು, ಬಸುರಿಯರ ಪಕ್ಕ ಕೂರಬಾರದು.

ಎಂ.ಆರ್.ಐ. ಯಂತ್ರ ದೊಡ್ಡ ಆಯಸ್ಕಾಂತ. ತಾಳಿ, ಬಳೆ, ಕಾಲುಂಗುರ, ಓಲೆ, ಪಿನ್ನು ಎಲ್ಲ ತೆಗೆಯಬೇಕು. ನಮ್ಮ ಹೆಣ್ಣುಮಕ್ಕಳು ಅಲ್ಲೇ ಬಾಗಿಲಲ್ಲಿ ಅಳುತ್ತಾ ನಿಲ್ಲುವುದು ಈ ಕಾರಣಕ್ಕೆ. ಬಿಗಿಯಾದ ಕಾಲುಂಗುರ ಬರುವುದೇ ಇಲ್ಲ. ಮನೆಯಲ್ಲೇ ಸೋಪು ಹಚ್ಚಿ ತೆಗೆದಿಟ್ಟು, ಕೊರಳಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋದರೆ ಆಯಿತು. ಇದರಲ್ಲಿ ಅಶುಭವೇನೂ ಇಲ್ಲ.

ರಿಪೋರ್ಟು ಕೈಗೆ ಬಂದ ಕೂಡಲೇ ಊರಿನ ಇಂಗ್ಲಿಷ್ ಓದಿದ ಹುಡುಗನ ಕೈಗೆ ಕೊಡಬೇಡಿ. ಪಾಪ, ಅವನು ಮೊಬೈಲ್ ನೋಡಿ ಏನೋ ಹೇಳುತ್ತಾನೆ, ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆ ಕಾಗದದಲ್ಲಿ ಪಿತ್ತಕೋಶದ ಕಲ್ಲು, ನೀರುಗುಳ್ಳೆ, ವಯಸ್ಸಿನ ಸವೆತ ಎಲ್ಲ ಬರೆದಿರುತ್ತದೆ. ಹೆಚ್ಚಿನದಕ್ಕೂ ಕ್ಯಾನ್ಸರಿಗೂ ಸಂಬಂಧವಿರುವುದಿಲ್ಲ. ನೀವು ಕಿವಿಗೊಡಬೇಕಾದ ಮಾತು ಮೂರೇ. ‘ರೆಸ್ಪಾನ್ಸ್’ ಎಂದರೆ ಗಂಟು ಸಣ್ಣದಾಗಿದೆ. ‘ಪ್ರೋಗ್ರೆಷನ್’ ಎಂದರೆ ಬೆಳೆದಿದೆ, ಔಷಧಿ ಬದಲಿಸಬೇಕು. ‘ಸ್ಟೇಬಲ್’ ಎಂದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಇದ್ದ ಹಾಗೇ ಇದೆ. ಸ್ಟೇಬಲ್ ಎಂದಾಗ ಮನೆಯವರು ‘ಇಷ್ಟು ಖರ್ಚು ಮಾಡಿ ಹೋಗಿಲ್ವಂತೆ’ ಎಂದು ಮುಖ ಬಾಡಿಸುತ್ತಾರೆ. ಹಾಗಲ್ಲ. ಹರಡುವ ಸ್ವಭಾವದ್ದನ್ನು ನಿಂತಲ್ಲೇ ನಿಲ್ಲಿಸಿರುವುದು ದೊಡ್ಡ ಗೆಲುವು. ಅವತ್ತು ಮನೆಯಲ್ಲಿ ಪಾಯಸ ಮಾಡಬಹುದು.

ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ. ಎಂದೂ ಎಸೆಯಬೇಡಿ. ಹಳೆಯದಿಲ್ಲದೆ ಹೊಸದನ್ನು ಹೋಲಿಸಲು ಬರುವುದಿಲ್ಲ.

ಇನ್ನು ಚಿಕಿತ್ಸೆ ಮುಗಿದು ಚೆನ್ನಾಗಿರುವವರು, ಏನೂ ತೊಂದರೆ ಇಲ್ಲದವರು, ‘ಯಾವುದಕ್ಕೂ ಇರಲಿ’ ಎಂದು ಸಾಲ ಮಾಡಿ ಮೇಲಿಂದ ಮೇಲೆ ಪೆಟ್ ಸ್ಕ್ಯಾನ್ ಮಾಡಿಸಬೇಕೇ? ಸ್ತನ ಕ್ಯಾನ್ಸರಿನಲ್ಲಿ ಇದನ್ನು ಇಟಲಿಯಲ್ಲಿ ಸಾವಿರಾರು ಹೆಂಗಸರಲ್ಲಿ ಪರೀಕ್ಷಿಸಿ ನೋಡಿದ ಎರಡು ಅಧ್ಯಯನಗಳು 1994ರಲ್ಲಿ ಪ್ರಕಟವಾದವು. ಅರ್ಧ ಜನಕ್ಕೆ ಕಾಲಕಾಲಕ್ಕೆ ಎಕ್ಸ್‌ರೇ, ಮೂಳೆ ಸ್ಕ್ಯಾನ್ ಎಲ್ಲ ಮಾಡಿಸಿದರು. ಉಳಿದರ್ಧಕ್ಕೆ ಡಾಕ್ಟರ ತಪಾಸಣೆ ಮತ್ತು ಮ್ಯಾಮೊಗ್ರಾಂ ಮಾತ್ರ. ಬದುಕಿ ಉಳಿದವರ ಸಂಖ್ಯೆಯಲ್ಲಿ ಎರಡು ಕಡೆಗೂ ವ್ಯತ್ಯಾಸ ಕಾಣಲಿಲ್ಲ. ಅಂಡಾಶಯದ ಕ್ಯಾನ್ಸರಿನಲ್ಲೂ ಹೀಗೆಯೇ. ರಕ್ತದಲ್ಲಿ ಸಿ.ಎ.-125 ಎಂಬ ಅಂಶ ಏರಿದೆ ಎಂದಷ್ಟಕ್ಕೇ ತೊಂದರೆ ಕಾಣುವ ಮೊದಲೇ ಕಿಮೋ ಶುರುಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ ಎಂದು 2010ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದರು. ಎಂದರೆ ಡಾಕ್ಟರು ಹೇಳಿದ ದಿನಕ್ಕೆ ತಪಾಸಣೆಗೆ ಹೋಗುವುದನ್ನು ತಪ್ಪಿಸಬಾರದು. ಹೇಳದ ಸ್ಕ್ಯಾನಿಗಾಗಿ ಓಲೆ ಅಡವಿಡಲೂಬಾರದು. ಹೊಸ ಗಂಟು, ಎರಡು ಮೂರು ವಾರವಾದರೂ ಹೋಗದ ನೋವು ಅಥವಾ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಮುಟ್ಟು ನಿಂತವರಿಗೆ ರಕ್ತ ಹೋಗುವುದು ಇವಿದ್ದರೆ ಮಾತ್ರ ಮುಂದಿನ ತಾರೀಖಿಗೆ ಕಾಯಬೇಡಿ. ಕಾಲು ಜೋಮು ಹಿಡಿದು ನಡೆಯಲು ಆಗದಿದ್ದರೆ, ಒಂದು ಎರಡಕ್ಕೆ ಹೋಗುವುದು ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ. ಬೆನ್ನುಹುರಿ ಒತ್ತಿದರೆ ಒಂದು ದಿನ ತಡವಾದರೂ ಕಾಲು ಮತ್ತೆ ಬಾರದೆ ಹೋಗಬಹುದು.

ಕಾಯುವ ದಿನಗಳು

ಸ್ಕ್ಯಾನ್ ಮಾಡಿಸಿ ರಿಪೋರ್ಟು ಬರುವವರೆಗಿನ ದಿನಗಳನ್ನು ಅನುಭವಿಸಿದವರೇ ಬಲ್ಲರು. ರಾತ್ರಿ ನಿದ್ದೆ ಇಲ್ಲ, ಉಂಡದ್ದು ಇಳಿಯುವುದಿಲ್ಲ, ಮೊಮ್ಮಗು ಅತ್ತರೆ ಸಿಟ್ಟು. ಎಲ್ಲ ದೇಶದ ರೋಗಿಗಳಲ್ಲೂ ಇದು ಎಷ್ಟು ಸಾಮಾನ್ಯ ಎಂದರೆ ಇಂಗ್ಲಿಷಿನವರು ಸ್ಕ್ಯಾನಿನ ಭಯಕ್ಕೆಂದೇ ‘ಸ್ಕ್ಯಾಂಗ್ಸೈಟಿ’ ಎಂಬ ಹೊಸ ಪದ ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಪದ ಇಲ್ಲ, ‘ಎದೆ ಡವಡವ’ ಎನ್ನುತ್ತೇವೆ, ಅದೇ ಸಾಕು. ಇದು ಹುಚ್ಚಲ್ಲ, ದೇವರ ಮೇಲೆ ನಂಬಿಕೆ ಕಡಿಮೆಯಾದದ್ದೂ ಅಲ್ಲ.

ಈ ದಿನಗಳಲ್ಲಿ ‘ಏನೂ ಆಗಲ್ಲ ಬುಡು’ ಎಂದರೆ ಆಕೆಯ ಬಾಯಿ ಮುಚ್ಚಿಸಿದಂತೆ. ‘ನಮ್ಮ ಚಿಕ್ಕಮ್ಮನ ನಾದಿನಿಗೂ ಹಿಂಗೇ ಆಗಿತ್ತು, ಆರೇ ತಿಂಗಳು’ ಎನ್ನುವವರನ್ನಂತೂ ಬಾಗಿಲಿಂದಾಚೆಗೇ ಕಳಿಸಬೇಕು. ಹೋಗಿ ಕೂತುಕೊಳ್ಳಿ. ಅವರೆಕಾಯಿ ಸುಲಿಯುವುದಿದ್ದರೆ ಒಟ್ಟಿಗೆ ಸುಲಿಯಿರಿ. ಆಕೆ ಮಾತಾಡಿದರೆ ಕೇಳಿ, ಆಡದಿದ್ದರೆ ಬೇರೆ ಮಾತಾಡಿ. ಬಹಳ ಜನಕ್ಕೆ ಕಾಯಿಲೆಯ ಮಾತೇ ಬೇಡವಾಗಿರುತ್ತದೆ. ಹಾಲಿನ ರೇಟು, ಗ್ರಾಮ ಪಂಚಾಯಿತಿ ಚುನಾವಣೆ, ಯಾರ ಮಗಳು ಯಾರ ಜೊತೆ ಎಂಬ ಮಾತೇ ಬೇಕಿರುತ್ತದೆ. ಓದಲು ಬರುವವರಿಗೆ ಒಂದು ಮಾತು: ಲೇಖಕಿ ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕವಾಗಿ ಬರೆದಿದ್ದಾರೆ. ಗ್ರಂಥಾಲಯದಲ್ಲಿ ಕೇಳಿ ನೋಡಿ.

ನಿದ್ದೆ, ಊಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟರೆ, ಸಾಯುವ ಮಾತಾಡಿದರೆ ಡಾಕ್ಟರಿಗೆ ಹೇಳಿ. ಅದಕ್ಕೂ ಔಷಧಿ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಿಮೋ ನಡೆಯುವಾಗ ಒಂದು ನಿಯಮವನ್ನು ಮನೆಯವರೆಲ್ಲ ಬಾಯಿಪಾಠ ಮಾಡಬೇಕು. ಕಿಮೋ ಆದ ಮೇಲೆ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣ ಕುಸಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಒಂದು ಡೋಲೋ ನುಂಗಿ ಮಲಗುವುದಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಜ್ವರಮಾಪಕ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಸಂಘದಿಂದಲೇ ಒಂದು ಕೊಂಡು ಕೊಡಿ. ನಾಟಿ ಔಷಧಿ, ಕಷಾಯ, ಪುಡಿ ತಿನ್ನುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಬೈದರೆ ಬೈಯಲಿ. ಕೆಲವು ಕಿಮೋ ಜೊತೆ ಸೇರಿ ಈಲಿ ಕೆಡಿಸುತ್ತವೆ.

ಓಡಾಟ, ದುಡ್ಡು

ಮದ್ದೂರಿನಿಂದ ಬೆಂಗಳೂರಿಗೆ ಸುಮಾರು ಎಂಬತ್ತು ಕಿಲೋಮೀಟರು. ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಆಸ್ಪತ್ರೆಗೆ ನಮ್ಮ ಕಡೆಯವರು ಹೋಗುವುದು ಇವತ್ತಿನದಲ್ಲ. 1973ರಲ್ಲಿ ಶುರುವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾದ ಈ ಸರ್ಕಾರಿ ಆಸ್ಪತ್ರೆ ರಾಜ್ಯದ ಬಡವರ ಕ್ಯಾನ್ಸರ್ ಆಸ್ಪತ್ರೆ. ದೂರದಿಂದ ಬಂದವರು ಉಳಿಯಲು ಆವರಣದಲ್ಲೇ ಧರ್ಮಶಾಲೆ ಇದೆ. ಮೊದಲ ಸಲದ ಚಿಕಿತ್ಸೆಗೆ ಮನೆಯವರೆಲ್ಲ ಕಾರು ಮಾಡಿಕೊಂಡು ಹೋಗುತ್ತಾರೆ. ಎರಡನೇ ಸಲಕ್ಕೆ ಗಂಡ ಒಬ್ಬನೇ. ವರ್ಷ ಕಳೆದ ಮೇಲೆ ಆಕೆ ಒಬ್ಬಳೇ ಬಸ್ಸಿನಲ್ಲಿ ಕೂತು ಹೋಗಿ ಬರುವುದನ್ನು ನೋಡಿದ್ದೇವೆ. ಹತೋಟಿ ಚಿಕಿತ್ಸೆಗೆ ಕೊನೆಯ ತಾರೀಖು ಇಲ್ಲದಿರುವುದರಿಂದ ಹೀಗಾಗುತ್ತದೆ. ಆದ್ದರಿಂದ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಜೊತೆಗೆ ಹೋಗುವವಳು ಹೆಂಗಸಾದರೆ ಇಬ್ಬರಿಗೂ ಬಸ್ಸಿನ ಖರ್ಚಿಲ್ಲ. ಸಂಘದವರೇ ಜೊತೆಗೆ ಹೋಗಲು ಇದೂ ಒಂದು ಕಾರಣ. ಬಸ್ಸಿನ ಕುಲುಕಾಟ ತಡೆಯದವರಿಗೆ ರೈಲಿದೆ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗಿಬರಲು ರೈಲ್ವೆ ರಿಯಾಯಿತಿ ಕೊಡುತ್ತದೆ. ಎರಡನೇ ದರ್ಜೆಯಲ್ಲಿ ರೋಗಿಗೂ ಜೊತೆಗಿರುವ ಒಬ್ಬರಿಗೂ ಶೇಕಡಾ 75 ಕಡಿಮೆ. ಆಸ್ಪತ್ರೆಯಲ್ಲಿ ಫಾರಂ ತುಂಬಿಸಿ ಸಹಿ, ಸೀಲು ಹಾಕಿಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ತೋರಿಸಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡಾ 30 ಭಾಗ. ‘ಹೋದ ಸಲವೇ ಕಾರ್ಡು ಬಳಸಿಬಿಟ್ಟೆವು’ ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ಮಿತಿ ವರ್ಷಕ್ಕೆ ಇರುವುದು, ಜೀವಮಾನಕ್ಕಲ್ಲ. ಯಾವ ಕಿಮೋ, ಯಾವ ಸ್ಕ್ಯಾನ್ ಇದರಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬಾರದ ಖರ್ಚಿಗೆ ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಬಡ ರೋಗಿಗಳಿಗೆಂದು 2009ರಲ್ಲಿ ಕೇಂದ್ರ ಆರೋಗ್ಯ ಮಂತ್ರಿಗಳ ಕ್ಯಾನ್ಸರ್ ರೋಗಿಗಳ ನಿಧಿ ಮಾಡಿದ್ದಾರೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿ. ಹಾಲಿನ ಸೊಸೈಟಿ ಸದಸ್ಯರಾದವರು ಯಶಸ್ವಿನಿ ಕಾರ್ಡನ್ನೂ ವಿಚಾರಿಸಲಿ. 2018ರಲ್ಲಿ ನಿಂತಿದ್ದ ಆ ಯೋಜನೆ 2023ರಲ್ಲಿ ಮತ್ತೆ ಶುರುವಾಯಿತು.

ಪ್ರತಿ ಸಲದ ಕಿಮೋಗೂ ಬೆಂಗಳೂರಿಗೇ ಹೋಗಬೇಕೇ ಎಂದು ಕೇಳಲು ನಾಚಿಕೆ ಬೇಡ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಬೆಳಿಗ್ಗೆ ಬಂದು ಕಿಮೋ ತೆಗೆದುಕೊಂಡು ಸಂಜೆ ಮನೆಗೆ ಹೋಗುವ ಕೇಂದ್ರಗಳನ್ನು ಶುರುಮಾಡಿತು. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರ್ಧಾರ ಮಾಡಿಸಿ, ಮುಂದಿನದನ್ನು ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನಲ್ಲೋ ಪಡೆಯಲು ಆಗುತ್ತದೆಯೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ಪತ್ರ ಬರೆಸಿಕೊಳ್ಳಿ.

ಹಳ್ಳಿಗಳಲ್ಲಿ ನಿಜವಾಗಿ ಮನೆ ಮುಳುಗಿಸುವುದು ಮೈಕ್ರೋ ಫೈನಾನ್ಸಿನ ವಾರದ ಕಂತು. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಆಮೇಲೆ ಕಾನೂನು ಮಾಡಿತು. ಮನೆ ಮುಂದೆ ಬಂದು ಕೂತು ಬೈದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಆದರೆ ಕಾನೂನು ಬರುವುದಕ್ಕಿಂತ ಮೊದಲು ಸಂಘ ಬರಬೇಕು. ಆಂತರಿಕ ಸಾಲದಲ್ಲಿ ಆಕೆಗೆ ಆದ್ಯತೆ, ಚಿಕಿತ್ಸೆ ನಡೆಯುವಷ್ಟು ಕಾಲ ಅಸಲಿನ ಕಂತು ಮುಂದಕ್ಕೆ, ಗೈರಿನ ದಂಡ ಮನ್ನಾ. ಇವನ್ನು ಬಾಯಲ್ಲಿ ಹೇಳಿದರೆ ಸಾಲದು, ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಆಗ ಅದು ದಯೆ ಆಗುವುದಿಲ್ಲ, ನಿಯಮ ಆಗುತ್ತದೆ, ನಾಳೆ ನಮಗೂ ಸಿಗುತ್ತದೆ. ಇನ್ನೂ ಒಂದು ಮಾತು: ಆಕೆಗೆ ಆಗುವ ಕೆಲಸವನ್ನು ಆಕೆಯಿಂದ ಕಿತ್ತುಕೊಳ್ಳಬೇಡಿ. ಲೆಕ್ಕ ಬರೆಯುತ್ತಿದ್ದರೆ ಬರೆಯಲಿ. ಬ್ಯಾಂಕಿಗೆ ಹೋಗಲು ಆಗದಿದ್ದರೆ ಪುಸ್ತಕ ಮನೆಗೆ ತೆಗೆದುಕೊಂಡು ಹೋಗಿ ಕೊಡಿ.

ಔಷಧಿ ನಿಲ್ಲಿಸುವ ಮಾತು ಬಂದಾಗ

ಒಂದು ದಿನ ಡಾಕ್ಟರು ಇನ್ನು ಕಿಮೋದಿಂದ ಲಾಭಕ್ಕಿಂತ ಕಷ್ಟವೇ ಹೆಚ್ಚು ಎನ್ನಬಹುದು. ‘ಕೈಬಿಟ್ಟರು’ ಎಂದು ಊರು ಮಾತಾಡುತ್ತದೆ. ಕಿಮೋ ನಿಲ್ಲಿಸಬಹುದು, ನೋಡಿಕೊಳ್ಳುವುದು ನಿಲ್ಲುವುದಿಲ್ಲ. ನೋವು, ವಾಂತಿ, ಉಸಿರಾಟದ ಕಷ್ಟ, ಹುಣ್ಣಿನ ವಾಸನೆ ಇವನ್ನು ಕಡಿಮೆ ಮಾಡುವುದೇ ಒಂದು ವೈದ್ಯ ಶಾಸ್ತ್ರ. ಅದನ್ನು ಉಪಶಮನ ಆರೈಕೆ ಎನ್ನುತ್ತಾರೆ. ಕಡೆಯ ದಿನಗಳಿಗೆ ಮಾತ್ರ ಇರುವುದು ಎಂಬುದು ತಪ್ಪು ಕಲ್ಪನೆ. 2010ರಲ್ಲಿ ಅಮೆರಿಕದ ಬೋಸ್ಟನ್ ನಗರದ ಒಂದು ಆಸ್ಪತ್ರೆಯಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳಲ್ಲಿ ಕೆಲವರಿಗೆ ಮೊದಲಿಂದಲೇ ಚಿಕಿತ್ಸೆಯ ಜೊತೆ ಈ ಆರೈಕೆಯನ್ನೂ ಕೊಟ್ಟು ನೋಡಿದರು. ಅವರು ಹೆಚ್ಚು ನೆಮ್ಮದಿಯಿಂದ ಇದ್ದರು. ಅಷ್ಟೇ ಅಲ್ಲ, ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು.

ಮಾರ್ಫಿನ್ ಮಾತ್ರೆ ಎಂದರೆ ಹೆದರುತ್ತಾರೆ, ಚಟವಾಗುತ್ತದೆ ಎಂದು. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಲೆಕ್ಕದಲ್ಲಿ ತೆಗೆದುಕೊಂಡರೆ ಹಾಗಾಗುವುದು ತೀರ ಅಪರೂಪ. ಮಲಬದ್ಧತೆ ಮಾತ್ರ ಆಗೇ ಆಗುತ್ತದೆ, ಅದಕ್ಕೆ ಔಷಧಿಯನ್ನು ಒಟ್ಟಿಗೇ ಕೇಳಿ. 2014ರಲ್ಲಿ ಕೇಂದ್ರ ಸರ್ಕಾರ ಕಾನೂನು ತಿದ್ದಿ ಆಸ್ಪತ್ರೆಗಳಿಗೆ ಮಾರ್ಫಿನ್ ತರಿಸಲು ಇದ್ದ ಅಡ್ಡಿಗಳನ್ನು ಕಡಿಮೆ ಮಾಡಿದೆ. ‘ನೋವು ತಡೆದುಕೊಳ್ಳಬೇಕು’ ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ತಡೆದುಕೊಳ್ಳಬೇಕಾಗಿಲ್ಲ. ಕಿದ್ವಾಯಿಯಲ್ಲಿ ನೋವು ನಿವಾರಣೆಗೇ ಬೇರೆ ವಿಭಾಗ ಇದೆ. ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ 1999ರಿಂದ ಯಾವ ಜಾತಿ, ಧರ್ಮ ಎಂದು ನೋಡದೆ, ಒಂದು ರೂಪಾಯಿ ತೆಗೆದುಕೊಳ್ಳದೆ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಾರೆ.

ಸಭೆಯಲ್ಲಿ ಚರ್ಚಿಸಲು

ಕಾರ್ಯಕರ್ತೆಯವರು ಪಾಠ ಓದಿದ ಮೇಲೆ ಐದು ನಿಮಿಷ ಸುಮ್ಮನಿರಿ, ಯಾರಾದರೂ ತಾವಾಗಿ ಮಾತಾಡಬಹುದು. ಆಮೇಲೆ ಇವನ್ನು ಕೇಳಿ. ನಮ್ಮ ಸಂಘದಲ್ಲಿ ಅಥವಾ ಸದಸ್ಯರ ಮನೆಯಲ್ಲಿ ಈಗ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಯಾರು, ಅವರು ಕೊನೆಯ ಸಲ ಸಭೆಗೆ ಬಂದದ್ದು ಯಾವಾಗ? ಅವರು ಗೈರಾದ ವಾರಗಳಿಗೆ ನಾವು ಪುಸ್ತಕದಲ್ಲಿ ಏನು ಬರೆದಿದ್ದೇವೆ? ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ಹತ್ತಿಪ್ಪತ್ತು ಜನರಲ್ಲಿ ಸರದಿ ಹಾಕಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎಷ್ಟು ದಿನ ಬರುತ್ತದೆ? ಲೆಕ್ಕ ಹಾಕಿ ನೋಡಿ, ನೀವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಬರುತ್ತದೆ.

ಈ ವಾರದ ಕೆಲಸ: ಒಂದು ಗಟ್ಟಿ ಪ್ಲಾಸ್ಟಿಕ್ ಫೈಲು ಕೊಳ್ಳಿ. ಅಂಥ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಆಕೆಯ ಹಳೆಯ ಚೀಟಿ, ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಕಾಗದ, ಸಿ.ಡಿ. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಮೇಲಿನ ಹಾಳೆಯಲ್ಲಿ ಈಗ ನುಂಗುವ ಮಾತ್ರೆಗಳ ಹೆಸರು, ಆಗದ ಔಷಧಿ, ಮುಂದಿನ ತಪಾಸಣೆಯ ದಿನ, ಡಾಕ್ಟರಿಗೆ ಕೇಳಬೇಕೆಂದಿರುವ ಮೂರು ಪ್ರಶ್ನೆ ಬರೆಯಿರಿ. ಪ್ರಶ್ನೆಗಳು ಆಕೆಯವೇ ಆಗಿರಲಿ.